ಕೋಲಿನ ಲೆಕ್ಕ

ಕುಲಶೇಖರದ ಈ ಓಣಿಗೆ ಇಂಟರ್‌ಲಾಕ್ ಹಾಸಿದವ ನಾನೇ.
ಹನ್ನೆರಡು ವರ್ಷ ಆಯಿತು. ಒಂದು ಹುಲ್ಲೂ ಏಳಬಾರದು
ಅಂದಿದ್ದರು; ಏಳಲಿಲ್ಲ.
ಆಟಿಯಲ್ಲಿ ನೀರು ಚಪ್ಪಲಿ ಹೊತ್ತು ತೋಡಿಗೆ ಓಡುತ್ತಿತ್ತು,
ಏಪ್ರಿಲಿನಲ್ಲಿ ಜನ ಕೊಡಪಾನ ಹೊತ್ತು ಟ್ಯಾಂಕರಿಗೆ.
ಎರಡನ್ನೂ ಕೂಡಿಸಿ ನೋಡುವ ಬುದ್ಧಿ
ಯಾರಿಗೂ ಬರಲಿಲ್ಲ, ನನಗೂ.

ಈಗ ಅದೇ ಕಲ್ಲು ಕೀಳುವ ಕೆಲಸ, ಸಾಲು ಬಿಟ್ಟು ಸಾಲು.
ಸಂಬಳ ಅಷ್ಟೇ, ಮೇಸ್ತ್ರಿಗಳು ಮಾತ್ರ ಜಾಸ್ತಿ.
ಐದನೇ ಕ್ಲಾಸಿನ ತನ್ಶೀರಾ ಬೆರಳು ತೋರಿಸುತ್ತಾಳೆ:
"ಇಲ್ಲಿ ತೆಗೀರಿ ಮೋನಪ್ಪಣ್ಣ,
ನೀರು ಇಲ್ಲಿ ಬಂದು ನಿಂತು ಯೋಚನೆ ಮಾಡ್ತದೆ."
ನಿನ್ನೆ ಬಕೆಟ್ ಸುರಿದು ನೋಡಿದ್ದಾಳಂತೆ.
ಲೆವೆಲ್ ಟ್ಯೂಬು ಹಿಡಿದೆ. ಹೌದು ಮಾರಾಯ್ರೆ.
ಮಡಚಿ ಚೀಲದೊಳಗಿಟ್ಟೆ.

ಫ್ಲೋಸಿಬಾಯಿಯ ಹಂಚಿನ ಮಾಡಿಂದ ಪೈಪು,
ಪೈಪಿಂದ ನೀಲಿ ಡ್ರಮ್ಮು, ಜಲ್ಲಿ, ಇದ್ದಿಲು, ಮರಳು,
ಆಮೇಲೆ ಬಾವಿ. ಮೊದಲ ಮಳೆ ಮಾತ್ರ ಬೇಡ,
ಅದು ಕಾಗೆಹಿಕ್ಕೆ ತೊಳೆದ ನೀರು;
ಮೆಲ್ರಾಯ್ ಮುಚ್ಚಳ ತೆಗೆದು ಹೊರಗೆ ಕಳಿಸುತ್ತಾನೆ
ಬ್ಯಾಂಕಿನ ವಾಚ್‌ಮನ್ನಿನ ಹಾಗೆ ಮುಖ ಗಂಟಿಕ್ಕಿ.

ಬಚ್ಚಲ ನೀರಿಗೆ ಬೇರೆ ದಾರಿ: ಕಾಬಾಳೆಯ ಮಡಿ ದಾಟಿ
ಬಸಳೆ ಚಪ್ಪರಕ್ಕೆ, ಉಳಿದರೆ ಕದಳಿಯ ಬುಡಕ್ಕೆ.
"ಹಣ್ಣಿಗೆ ಸೋಪಿನ ರುಚಿ ಬರ್ತದಾ?" ಚಿಕ್ಕವನೊಬ್ಬ ಕೇಳಿದ.
ಗೊನೆ ಬಂದ ಮೇಲೆ ತಿಂದು ನೋಡುವುದು
ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.
ನಾನಾಗಿದ್ದರೆ ಇಲ್ಲ ಎಂದುಬಿಡುತ್ತಿದ್ದೆ.

ಬಾವಿಕಟ್ಟೆಯಲ್ಲಿ ಗಂಟು ಗಂಟಿನ ಹಗ್ಗ.
ಗಂಟಿಗೊಂದು ಕೋಲು. ಕೋಲೆಂದರೆ ಎಷ್ಟು,
ಟೀಚರಿಗೂ ಗೊತ್ತಿರಲಿಲ್ಲ.
ಬಾವಿ ತೋಡುತ್ತಿದ್ದ ನನ್ನಪ್ಪನ ಅಳತೆ ಅದು.
ಈ ಮಕ್ಕಳಿಗೆ ನಾನು ಕಲಿಸಿದ್ದು ಅದೊಂದೇ.

ಮೇ ಹತ್ತೊಂಬತ್ತು: ಒಂದು ಕೋಲು ನೀರು,
ಮೆಲ್ರಾಯ್ ಬರೆದದ್ದು, ಪಾಪ, ಆಸೆಗೆ.
ತನ್ಶೀರಾ ರಬ್ಬರಿನಲ್ಲಿ ಉಜ್ಜಿದಳು, ಮತ್ತೆ ಹಗ್ಗ ಇಳಿಸಿದಳು.
ಅರ್ಧ.
ಟ್ಯಾಂಕರು ಈ ವರ್ಷವೂ ಬಂದಿದೆ. ಮೂರು ಸಲ.
ಹೋದ ವರ್ಷ ಹನ್ನೊಂದು.

ಇವತ್ತಿನ ಕೊನೆಯ ಕಲ್ಲು ಎಬ್ಬಿಸಿದೆ.
ಅಡಿಯ ಮಣ್ಣು ನನ್ನ ಧಮ್ಮಸಿನ ಪೆಟ್ಟು ಮರೆತಿಲ್ಲ,
ಪಿಕಾಸಿಗೂ ಟಣ್ ಎಂದಿತು. ನಾಲ್ಕು ಪೆಟ್ಟು ಬೇಕಾಯಿತು.
ಒಂದು ಚೊಂಬು ನೀರು ಸುರಿದು ಮಕ್ಕಳು ಸುತ್ತ ಕುಕ್ಕರಿಸಿದರು,
ಇಂಗಲು ಎಷ್ಟು ಹೊತ್ತು, ಎಣಿಸಲಿಕ್ಕೆ.
ಬಾಯಲ್ಲಿದ್ದ ವೀಳ್ಯ ಒಂದು ಕೆನ್ನೆಗೆ ಸರಿಸಿ
ನಾನೂ ಶುರುಮಾಡಿದೆ:
ಒಂದು, ಎರಡು,