ಶೇಕಡಾ ಗುರುತಿನ ಆಚೆ

ಅರಸೀಕೆರೆ ಜಂಕ್ಷನ್ನಿನಲ್ಲಿ ಕೆಲವು ರೈಲುಗಳಿಗೆ
ಮುಖ ತಿರುಗುತ್ತದೆ.
ಈ ತುದಿಯ ಎಂಜಿನ್ ಕಳಚಿ, ಪಕ್ಕದ ಹಳಿಯಲ್ಲಿ ಓಡಿಸಿ,
ಆ ತುದಿಗೆ ಕಟ್ಟುತ್ತಾರೆ.
ಕೂತವರು ಕೂತಲ್ಲೇ,
ಇಷ್ಟು ಹೊತ್ತು ಮುಂದಾಗಿದ್ದದ್ದು ಹಿಂದು.
ಕೊಕ್ಕೆ ಬೀಳುವ ಸದ್ದು ನಮ್ಮ ಡಿಟಿಪಿ ಅಂಗಡಿಯ ಕಿಟಕಿಗೆ
ಮೂರನೇ ಪ್ರೂಫಿನ ನಡುವೆ ಬಂದು ತಾಗುತ್ತದೆ.

ನಾನೂ ಈ ವಾರ ಎಂಜಿನ್ ಬದಲಿಸಿದೆ.

ಪುಸ್ತಕ ಚಿಕ್ಕದು. ಮಂಡಿಯಲ್ಲಿ ನಲವತ್ತು ವರ್ಷ
ತೂಕ ಬರೆದ ಕಲ್ಮರುಳಯ್ಯನವರು ಕೂಡಿಹಾಕಿದ
ಕೊಬ್ಬರಿ ವ್ಯಾಪಾರದ ಮಾತುಗಳು:
ಗಿಟುಕು, ಕೌಟು, ಚೂರು, ಚುಕ್ತಾ.
ಹಳೇ ಎಂಜಿನ್ನಿಗೆ ಕನ್ನಡ ನೇರ ಬಾರದು;
ಮೊದಲು ಇಂಗ್ಲಿಷ್ ಅಕ್ಷರದಲ್ಲಿ ಅಗಿದು
ಬಾಯಿಗಿಡಬೇಕು.
ಆದರೂ ‘ಕೊಬ್ಬರಿ’ಯ ಒತ್ತು ಜಾರಿ ‘ರಿ’ಯ ಕಾಲಿಗೆ ಬಿದ್ದಿತ್ತು.
ಪ್ರೂಫ್ ನೋಡಿ ಅಯ್ಯನವರು ಬೈಯಲಿಲ್ಲ.
‘ಚೀಲ ತೂತಾಗಿದೆ ಕಣಮ್ಮ’ ಅಂದರು, ಅಷ್ಟೆ.

ಹೊಸ ಎಂಜಿನ್ ಒತ್ತನ್ನು ಅದರ ಜಾಗದಲ್ಲೇ ಇಟ್ಟಿತು.
ಆದರೆ ಕಡತದ ತಲೆಯಲ್ಲಿ
ದಸ್ತಗೀರಣ್ಣ ಬರೆದಿಟ್ಟಿದ್ದ ಸಾಲುಗಳಿದ್ದವು:
ಪುಟದ ಅಗಲ, ಪುಟದ ಎತ್ತರ,
ಅದುಮುವ ಮಟ್ಟ ಒಂಬತ್ತು,
ಪಿಡಿಎಫ್ ಆವೃತ್ತಿ ಒಂದು ಬಿಂದು ನಾಲ್ಕು.
ಒಂದೊಂದಕ್ಕೂ ಹೊಸದು ನಿಂತು ಹೇಳಿತು:
ಈ ಮಾತು ನನಗೆ ಗೊತ್ತಿಲ್ಲ.
ಈ ಮಾತು ನನಗೆ ಗೊತ್ತಿಲ್ಲ.

ಅಳಿಸಿದೆ. ನಾಲ್ಕೂ ಸಾಲು.
ತಕರಾರು ನಿಂತಿತು. ಪರದೆಯ ಮೇಲೆ ಅಕ್ಷರ ಚಂದ.
ಖುಷಿಯಲ್ಲಿ ಹಾಸನಕ್ಕೆ ಕಳಿಸಿ
ಖಾರದ ಮಂಡಕ್ಕಿ ತಿಂದೆ.

ಪ್ಲೇಟ್ ಮಾಡುವ ಸಿರಿಲ್ ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿದ:
‘ಏನ್ ಕಳಿಸಿದ್ದೀರಿ ಮೇಡಂ?
ಡೆಮಿ ಪುಟ ಎ-ಫೋರ್ ಹಾಳೆಯ ಮೂಲೆಯಲ್ಲಿದೆ,
ಮದುವೆ ಮನೆಯ ಜಮಖಾನದಲ್ಲಿ ಮಲಗಿಸಿದ ಮಗು ಥರ.
ಮೆಷಿನ್ನಂತೂ ಇದನ್ನ ಬಾಯಿಗೇ ಹಾಕ್ಕೊಳ್ತಿಲ್ಲ.’

ಹಳೇ ಕಡತ ಮತ್ತೆ ತೆರೆದೆ.
ನಾಲ್ಕನೇ ಸಾಲಿನ ಕೊನೆಗೆ ಒಂದು ಶೇಕಡಾ ಗುರುತು.
ಅದರಾಚೆ ಇರುವುದನ್ನು ಎಂಜಿನ್ ಓದುವುದಿಲ್ಲ.
ನಾನೂ ಓದಿರಲಿಲ್ಲ, ಆರು ವರ್ಷ:
‘ಹಾಸನದ ಮೆಷಿನ್ ಮುದುಕ. ನಾಲ್ಕರ ಮೇಲೆ ಅರಗಲ್ಲ.’

ಕಣ್ಣಿನ ಆಪರೇಷನ್ ಆದಮೇಲೆ
ದಸ್ತಗೀರಣ್ಣ ಅಂಗಡಿಗೆ ಬಂದಿಲ್ಲ.
ಅವರ ಕುರ್ಚಿಯ ಮೇಲೆ ಈಗ ಪ್ರಿಂಟರ್ ಇದೆ.

ಕೂತು ಹುಡುಕಿದೆ. ಹೊಸದಕ್ಕೆ ಬೇರೆ ವರಸೆ.
ಪುಟದಗಲ ತನ್ನ ಹೆಸರಿನ ಮುಂದಿದ್ದ
ಇನಿಷಿಯಲ್ ಬಿಟ್ಟಿದೆ, ಪುಟದೆತ್ತರವೂ.
ಉಳಿದವರನ್ನು ಒಂದೇ ಬಾಗಿಲಲ್ಲಿ ನಿಂತು ಕೂಗಬೇಕು.
ಕೇಳುವುದು ಮಾತ್ರ ಅದನ್ನೇ: ಅದೇ ಒಂಬತ್ತು, ಅದೇ ನಾಲ್ಕು.

ಟವಲಿನಡಿ ಬೆರಳು ಹಿಡಿದು ಬೆಲೆ ಹೇಳುತ್ತಿದ್ದ ಕಾಲದ ಬಗ್ಗೆ
ಅಯ್ಯನವರ ಪುಸ್ತಕದಲ್ಲಿ ಅರ್ಧ ಪುಟವಿದೆ:
ತಿಪಟೂರಿನವನ ಬೆರಳು ಬೇರೆ, ನಮ್ಮವನ ಬೆರಳು ಬೇರೆ,
ಯಾವ ಕೈ ಅಂತ ಮೊದಲು ತಿಳಿ, ಆಮೇಲೆ ಒತ್ತು.

ಹಾಗೇ ಬರೆದೆ.
ಎಂಜಿನ್ ಹೊಸದಾದರೆ ಹೀಗೆ ಅನ್ನು,
ಇಲ್ಲವಾದರೆ ದಸ್ತಗೀರಣ್ಣ ಅಂದ ಹಾಗೆ ಅನ್ನು.
ಹಳೆಯ ನಾಲ್ಕು ಸಾಲು ‘ಇಲ್ಲವಾದರೆ’ಯ ಕೆಳಗೆ
ಇದ್ದ ಹಾಗೇ ಇಟ್ಟೆ,
ಕಾಗುಣಿತದ ತಪ್ಪೂ ಸೇರಿ.

ಸಿರಿಲ್ ಬೆಳಗ್ಗೆ ಒಂದೇ ಅಕ್ಷರ ಕಳಿಸಿದ: ‘ಹ್ಞಾ’.

ಅಯ್ಯನವರು ಮೊದಲ ಪ್ರತಿ ಕೈಯಲ್ಲಿ ತೂಗಿ ನೋಡಿದರು,
ಬೆನ್ನು ತಟ್ಟಿದರು, ಪುಸ್ತಕದ್ದು.
‘ಇನ್ನೂರು ಗ್ರಾಂ ಚಿಲ್ಲರೆ’ ಅಂದರು.
ಎಷ್ಟು ಅದುಮಿದೆ ಅಂತ ಕೇಳಲಿಲ್ಲ.

ಸಂಜೆ ಕದ ಹಾಕುವ ಮುಂಚೆ ಕಡತ ತೆರೆದು
ನನ್ನದೂ ಒಂದು ಶೇಕಡಾ ಗುರುತು ಹಾಕಿದೆ:
‘ಅಳಿಸುವ ಮುಂಚೆ ಸಿರಿಲ್‌ಗೆ ಫೋನ್ ಮಾಡು.’
ಯಾರಿಗೆ ಬರೆದೆನೋ.
ಹೊರಗೆ ಎಂಜಿನ್ ಒಂಟಿಯಾಗಿ,
ಬೋಗಿಗಳಿಲ್ಲದೆ,
ಆ ತುದಿಗೆ ಹೋಗುತ್ತಿತ್ತು.