ಬೋರಲು

ಸೋಸಲೆಯ ಹೊಳೆದಂಡೆಯಲ್ಲಿ ನಮ್ಮ ದ್ಯಾವತ್ತೆ
ತೆಪ್ಪವನ್ನು ಬೋರಲು ಮಲಗಿಸುತ್ತಿದ್ದಳು
ಮೂರು ಕಲ್ಲಿನ ಮೇಲೆ.
ನೆಲಕ್ಕೆ ತಾಕಬಾರದು. ತಾಕಿದರೆ ಗೆದ್ದಲು,
ಗೆದ್ದಲು ಹತ್ತಿದರೆ ಬಿದಿರು ಹಿಟ್ಟು.
ಕಲ್ಲಿನ ಸುತ್ತ ಒಲೆಯ ಬೂದಿ ಚೆಲ್ಲಿ
ಇರುವೆಗೂ ತಾಕೀತು ಮಾಡುವಳು:
"ಇಲ್ಲಿಗಂಟ. ಇನ್ ಮುಂದಕ್ ಬರಂಗಿಲ್ಲ."

ಆಮೇಲೆ ಹೊದಿಕೆ.
ಮೊದಲು ಗೊಬ್ಬರದ ಚೀಲ ಬಿಚ್ಚಿ ಹೊಲಿದದ್ದು,
ಯೂರಿಯಾ ಅನ್ನುವ ಅಕ್ಷರ ಇನ್ನೂ ಮಾಸಿರಲಿಲ್ಲ.
ಅದರ ಮೇಲೆ ನೀಲಿ ಟಾರ್ಪಾಲು,
ನರಸೀಪುರದ ಸಂತೆಯಲ್ಲಿ
ಎರಡು ಬುಟ್ಟಿ ಮೀನಿನ ದುಡ್ಡಿಗೆ ಬಂದದ್ದು.
ಕಟ್ಟಲು ಹಗ್ಗವಲ್ಲ, ಹಳೇ ಸೈಕಲ್ ಟ್ಯೂಬು.
"ಹಗ್ಗ ಹಟಮಾರಿ ಕಣವ್ವ. ಟ್ಯೂಬು ಹಂಗಲ್ಲ,
ಗಾಳಿ ಎಳೆದ್ರೆ ಒಸಿ ಬಿಟ್ಕೊಟ್ಟು
ಆಮ್ಯಾಕೆ ಹಿಡ್ಕತದೆ."

ನನಗೆ ಎಂಟು ವರ್ಷ. ಒಂದು ಸಂಜೆ ನಾನೇ ಹೊದಿಸಿ
ಅಂಚನ್ನೆಲ್ಲ ಮಣ್ಣಲ್ಲಿ ಹೂತು ಜಾಣೆಯಾದೆ.
ವಾರ ಕಳೆದು ಎತ್ತಿದರೆ ಒಳಗೆಲ್ಲ ಬೆವರು,
ದಬ್ಬೆದಬ್ಬೆಗೂ ಬಿಳಿ ಬೂಷ್ಟು.
ಬೈಯಲಿಲ್ಲ. ಕಂಬಳಿ ತಂದು ನನ್ನ ತಲೆಯ ಮೇಲೆಳೆದು
ನೂರು ಎಣಿಸು ಅಂದಳು.
ನಲವತ್ತಕ್ಕೇ ಕಿತ್ತೆಸೆದೆ.
"ಮುಚ್ಚಾದು ಬ್ಯಾರೆ, ಉಸ್ರು ಕಟ್ಸಾದು ಬ್ಯಾರೆ,"
ಅಂದು ಒಂದು ಗೇಣು ಅಂಚು ಮೇಲೆತ್ತಿ ಕಟ್ಟಿದಳು.

"ನೀರಿಗಂತಲೇ ಮಾಡಿದ್ದನ್ನ
ನೀರಿಂದ ಯಾಕೆ ಕಾಯ್ತೀಯ ಅತ್ತೆ?"
"ದಿನಾ ಹೊಳೇಲಿ ಮೀತೀಯಲ್ಲ,
ಮೈ ಒರೆಸ್ಕಳ್ದೆ ಮಲಗೀಯಾ?"

ಆ ಆಷಾಢ ಕನ್ನಂಬಾಡಿಯ ಬಾಗಿಲು ತೆಗೆದರು.
ದಂಡೆಯುದ್ದಕ್ಕೂ ತಮಟೆ, ಯಾರೂ ಇಳೀಬ್ಯಾಡಿ.
ನಾವು ತೆಪ್ಪವನ್ನು ಆಮೆಯ ಹಾಗೆ ಬೆನ್ನಿಗೇರಿಸಿ
ಹುಣಸೆಮರದ ದಿಬ್ಬಕ್ಕೆ ತಂದೆವು.
ಮೂರನೇ ದಿನ ಸಿಂಗ್ರಯ್ಯ ಸತ್ತ.

ಸಿಂಗ್ರಯ್ಯನೂ ತೆಪ್ಪದವನೇ.
ಅತ್ತೆಗೂ ಅವನಿಗೂ ಮೂರು ವರ್ಷ ಮಾತಿಲ್ಲ.
ಬೀಗರ ಊಟಕ್ಕೆ ಹೊರಟ ಜನವೆಲ್ಲ ಕೇಳುವಂತೆ
"ದ್ಯಾವಿ, ನಿನ್ ತೆಪ್ಪ ಸೋರ್ತದೆ" ಅಂದಿದ್ದ.
ಅಂದು ಹನ್ನೊಂದು ಜನ ಅವನ ತೆಪ್ಪಕ್ಕೆ ಹತ್ತಿದ್ದರು.

ಅವನ ಮಗ ಬಂದು ನಿಂತ, ಮೊಣಕಾಲವರೆಗೆ ಕೆಸರು.
"ಗುಂಡಿ ತೋಡ್ತಾ ತೋಡ್ತಾ ತುಂಬ್ಕತಾ ಅದೆ, ಅತ್ಗೆಮ್ಮ.
ಮ್ಯಾಲೆ ಕಟ್ಟಕೆ ಏನೂ ಇಲ್ಲ.
ಜಲ್ಮ ಎಲ್ಲ ನೀರಲ್ಲಿದ್ದೋನು,
ಮಣ್ಣಿಗಾದ್ರೂ ಒಣಗಿದ್ದಂಗೆ..."
ಮುಂದೆ ಹೇಳಲಾಗಲಿಲ್ಲ ಅವನಿಗೆ.
ಅತ್ತೆ ಒಂದೊಂದೇ ಟ್ಯೂಬು ಬಿಚ್ಚಿದಳು.
ನೀಲಿಯನ್ನು ಸೀರೆ ಮಡಿಸುವ ಹಾಗೆ ಮಡಿಸಿ ಕೊಟ್ಟಳು.
ಗೊಬ್ಬರದ ಚೀಲವನ್ನೂ.
ಮಣ್ಣಿಗೆ ಹೋಗಲಿಲ್ಲ.

ರಾತ್ರಿ ಮಳೆ ಇನ್ನೂ ಜೋರು.
ಎದ್ದು ನೋಡಿದರೆ ಹಾಸಿಗೆಯಲ್ಲಿ ಅವಳಿಲ್ಲ.
ತೆಪ್ಪದ ಕೆಳಗೆ, ಕಲ್ಲುಗಳ ನಡುವೆ
ಟಾರ್ಚು ಕಚ್ಚಿಕೊಂಡು ಅಂಗಾತ ಮಲಗಿದ್ದಾಳೆ,
ಎರಡೂ ಅಂಗೈ ಮೇಲೆತ್ತಿ ಡಾಂಬರನ್ನು ಸವರುತ್ತ,
ಜ್ವರ ಬಂದ ಮಗುವಿನ ಬೆನ್ನು ನೋಡುವವಳಂತೆ.
ನಾನೂ ತೆವಳಿಕೊಂಡು ಒಳಗೆ ಹೋದೆ.
ಬಿದಿರಿನ ಆಕಾಶ, ಮೇಲೆ ಮಳೆಯ ಸದ್ದು,
ನಾವಿಬ್ಬರೂ ಬಹುಪಾಲು ಒಣಗಿದ್ದೆವು.

ಬಹುಪಾಲು. ಅವಳ ಹಣೆಗೊಂದು ಹನಿ.
ಮತ್ತೆ ಅಲ್ಲೇ ಇನ್ನೊಂದು.
ಟಾರ್ಚು ಬಾಯಿಂದ ತೆಗೆದು, ಬಹಳ ಹೊತ್ತು ನೋಡಿ,
"ಅವ್ನು ಹೇಳಿದ್ ಜಾಗಾನೆ ಕಣವ್ವ," ಅಂದಳು.
"ಹೊದ್ದಿಸಿ ಹೊದ್ದಿಸಿ ನಂಗೇ ಕಾಣ್ದಂಗ್ ಮಾಡ್ಕಂಡಿದ್ದೆ."

ಹೊಳೆ ಇಳಿದ ವಾರ ಟಾರ್ಪಾಲು ವಾಪಸು ಬಂತು,
ಒಂದು ಮೂಲೆಗೆ ಗುಂಡಿಯ ಮಣ್ಣು ಅಂಟಿಸಿಕೊಂಡು.
ಒಗೆಯಬೇಡ ಅಂದಳು.
ಡಾಂಬರು ಕಾಯಿಸಿ ಆ ಜಾಗಕ್ಕೆ ಹೆಬ್ಬೆರಳಲ್ಲಿ ಒತ್ತಿದಳು,
ಬೊಬ್ಬೆ ಎದ್ದರೂ ಒತ್ತುತ್ತಲೇ ಇದ್ದಳು.
ಹದಿನೈದು ದಿನ ಆ ಬೆರಳು ಮಡಚಿಕೊಂಡೇ ಉಂಡಳು,
ಕೇಳಿದವರಿಗೆ, ಒಲೆ ತಾಗ್ತು, ಅಂದಳು.