ಕಾಲು ಸುತ್ತು

ಗೋಲಿ ನನ್ನದಲ್ಲ.
ಹಳದಿ ಬಸ್ಸಿನ ಕೊನೆಯ ಸೀಟಿನ ಹುಡುಗ ಕ್ವಿನ್ಸಿ
ಮುಂದಿನ ಗಾಜಿಗೆ ಗುರಿಯಿಟ್ಟು ಹೊಡೆದದ್ದು.
ಕಸಿದುಕೊಂಡೆ. ಸಂಜೆ ಕೊಡ್ತೀನಿ ಅಂದೆ, ಕೊಡಲಿಲ್ಲ.
ಹಸಿರು ಗಾಜು, ಒಳಗೊಂದು ಬಿಳಿಯ ಸುಳಿ.

ಈಗ ಟೊಲಿಡೊದಲ್ಲಿ ಯಾವ ಮನೆ ನೋಡಹೋದರೂ
ಅದು ನನ್ನ ಕೋಟಿನ ಜೇಬಿನಲ್ಲಿರುತ್ತದೆ.
ಅಡುಗೆಮನೆಯ ನಡುವೆ ಇಟ್ಟು ಬೆರಳು ತೆಗೆಯುತ್ತೇನೆ.
ಉರುಳಿದರೆ ಅಡಿಪಾಯ ಕೂತಿದೆ ಎಂದರ್ಥ.
ನಿಂತರೆ,
ಇದುವರೆಗೆ ನಿಂತಿಲ್ಲ.

ಇಪ್ಪತ್ತಾರು ಮನೆ, ನೋಟ್‌ಬುಕ್ಕಿನಲ್ಲಿ ತಲಾ ಒಂದು ಸಾಲು.
ಗೋಡೆ ಒಡೆದು ತಾಮ್ರದ ಪೈಪು ಕದ್ದಿದ್ದಾರೆ.
ನಗದು ತಂದವನು ಒಂದು ಗಂಟೆ ಮೊದಲೇ ಬಂದಿದ್ದ.
ಮಾಡು ಸೋರಿ ಹನಿ ಹನಿ ಕೂಡಿ ಹಳ್ಳ,
ಹಳ್ಳ ಇರುವುದು ನೆಲಮಾಳಿಗೆಯಲ್ಲಿ.
ಹದಿನೈದರಿಂದಾಚೆ ಬರೀ ಇಲ್ಲ, ಇಲ್ಲ,
ಒಂದು ಪುಟದಲ್ಲಿ ಕಾಫಿ ಚೆಲ್ಲಿ
ಯಾವ ಇಲ್ಲ ಎಂದೂ ತಿಳಿಯದು.

ಬ್ಯಾಂಕಿನ ಹುಡುಗ, ಕೆನ್ನೆಯ ಮೊಡವೆ ಇನ್ನೂ ಹಸಿ,
‘ಬೇಸಿಗೆ ರಜೆಯಲ್ಲಿ ನಿಮಗೆ ಸಂಬಳ ಇರಲ್ಲ, ಅಲ್ವಾ?’
ಇರಲ್ಲ. ಐಸ್ ಕಾರ್ಖಾನೆಯಲ್ಲಿ ಚೀಲ ಕಟ್ಟುತ್ತೇನೆ ಅಂದೆ.
ಅದನ್ನೂ ಬರೆದುಕೊಂಡ,
ಬೇರೆ ಬಣ್ಣದ ಪೆನ್ನಿನಲ್ಲಿ.

ಹೋಟೆಲಿನ ಹಾಲ್‌ನಲ್ಲಿ ಬಿಳೀ ಹಲ್ಲಿನವನೊಬ್ಬ
ನಲವತ್ತು ಡಾಲರ್ ತೆಗೆದುಕೊಂಡು ಹೇಳಿಕೊಟ್ಟ:
ದಿನಾ ಕನ್ನಡಿ ಮುಂದೆ ನಿಂತು
‘ನಾನು ಒಡತಿ’ ಅನ್ನಬೇಕಂತೆ.
ಒಂದು ವಾರ ಅಂದೆ.
ಕನ್ನಡಿ ಒರೆಸಲು ಇಳಿಸಿದರೆ
ಹಿಂದಿನ ಗೋಡೆಗೆಲ್ಲ ಬೂಷ್ಟು.
ಬಾಡಿಗೆ ಮನೆ, ಸುಣ್ಣ ಹೊಡೆಸಬೇಕಾದವನು
ಫೋನು ಎತ್ತುವುದಿಲ್ಲ.

‘ಬಿಟ್ಟುಬಿಡು ಲವರ್ನ್,’ ಅನ್ನುತ್ತಾಳೆ ಅಕ್ಕ ಒಡೆಟ್,
‘ನಮ್ಮದು ಬಾಡಿಗೆ ಕಟ್ಟೋ ಕೈ.’
ಅಮ್ಮ ಬಿಟ್ಟುಹೋದ ಬೂಟಿನ ಪೆಟ್ಟಿಗೆ ತೆಗೆದೆ,
ನಲವತ್ತೊಂದು ವರ್ಷದ ರಸೀದಿ.
ಕೂಡಿಸಿದೆವು, ಇಬ್ಬರೂ, ಮಧ್ಯರಾತ್ರಿಯ ತನಕ.
ಮೂರು ಮನೆ.
ಮೂರು ಮನೆ ಕೊಂಡು
ಹೆಸರೂ ಗೊತ್ತಿಲ್ಲದವರಿಗೆ ಕೊಟ್ಟಿದ್ದಾಳೆ ಅಮ್ಮ.
ಒಡೆಟ್ ಬಹಳ ಹೊತ್ತು ಸುಮ್ಮನಿದ್ದು ಕೇಳಿದಳು:
‘ನಾಳೆ ನೀನೂ ಯಾರದೋ ಪೆಟ್ಟಿಗೆ ತುಂಬಿಸ್ತೀಯಲ್ಲ?’
ಅದಕ್ಕೆ ನೋಟ್‌ಬುಕ್ಕಿನಲ್ಲಿ ಒಂದು ಹಾಳೆ
ಖಾಲಿ ಬಿಟ್ಟಿದ್ದೇನೆ.

ಇಪ್ಪತ್ತೇಳನೆಯದು ಹಂಗೇರಿಯವರ ಓಣಿಯಲ್ಲಿ.
ಫೆಬ್ರವರಿ. ಮೆಟ್ಟಿಲಿಗೆ ಉಪ್ಪು ಎರಚುತ್ತಿದ್ದ
ಮುದುಕ ಗ್ಯೂಲಾ ಸಬಾದೋಶ್
ನನ್ನ ಕಾಗದವನ್ನು ಮಡಿಸಿ ಅಂಗಿಜೇಬಲ್ಲಿಟ್ಟುಕೊಂಡಿದ್ದ.
‘ಮಾರಲ್ಲ. ಕೈಯಿಂದ ಕಾಗದ ಬರೆಯುವವಳು
ಹೇಗಿರ್ತಾಳೆ ನೋಡೋಣ ಅಂತ ಕರೆದೆ.’
ಸಿಟ್ಟು ಬಂತು. ಆದರೂ ಗೋಲಿ ಇಟ್ಟೆ.
ಒಲೆಯ ಕಡೆಗೆ ಓಡಿತು, ಮನೆ ದಾರಿ ಗೊತ್ತಿರುವ ಬೆಕ್ಕಿನ ಹಾಗೆ.
ಅವನು ನಕ್ಕ ನಗುವಿಗೆ ಕೆಮ್ಮು ಬಂದು
ಕುರ್ಚಿ ಹಿಡಿದುಕೊಂಡ.
‘ಈ ಓರೆ ನೆಲದಲ್ಲೇ
ನನ್ನ ನಾಲ್ಕು ಮಕ್ಕಳು ನಡೆಯಲು ಕಲಿತವು.’

ನೆಲಮಾಳಿಗೆಗೆ ಕರೆದೊಯ್ದ.
ತೊಲೆಯ ಕೆಳಗೆ ಕಬ್ಬಿಣದ ಜಾಕು, ನನ್ನ ತೋಳಿನಷ್ಟು ದಪ್ಪ.
ಅವನ ಮಣಿಕಟ್ಟಿಗೆ ಈಗ ಶಕ್ತಿಯಿಲ್ಲ.
ಸ್ಕ್ರೂ ಹಿಡಿಸಿ, ನನ್ನ ಕೈಮೇಲೆ ಕೈಯಿಟ್ಟ.
‘ವಾರಕ್ಕೆ ಕಾಲು ಸುತ್ತು.
ಜಾಸ್ತಿ ತಿರುಗಿಸಿದರೆ ಮೇಲೆ ಗಾರೆ ಸೀಳತ್ತೆ.
ಮನೆಗೂ ಎದ್ದು ನಿಲ್ಲೋದು ಮರೆತುಹೋಗಿರತ್ತೆ.’
ತಿರುಗಿಸಿದೆ.
ಎಲ್ಲೋ ಮೇಲೆ, ಕತ್ತಲಲ್ಲಿ,
ಮರವೊಂದು ಗಂಟಲು ಸರಿಮಾಡಿಕೊಂಡಿತು.

ಆ ರಾತ್ರಿಯ ಸಾಲು:
ಮಾರಲ್ಲ. ಶನಿವಾರ ಬಾ ಅಂದ.

ಏಪ್ರಿಲ್ ಬಂದಿದೆ. ಒಂಬತ್ತು ಶನಿವಾರ.
ನನ್ನ ಹೆಸರಲ್ಲಿ ಇನ್ನೂ ಒಂದು ಇಟ್ಟಿಗೆಯಿಲ್ಲ,
ಇಪ್ಪತ್ತೆಂಟು, ಇಪ್ಪತ್ತೊಂಬತ್ತೂ ಕೈತಪ್ಪಿದವು.
ಗೋಲಿ ಮಾತ್ರ ಒಲೆಗೆ ಮುಟ್ಟಲು
ಮೊದಲಿಗಿಂತ ಹೊತ್ತು ಹಿಡಿಯುತ್ತದೆ,
ನಡುವೆ ಒಮ್ಮೆ ನಿಂತು
ಯೋಚಿಸುತ್ತದೆ.

ಇವತ್ತು ಬಸ್ಸಿಳಿಯುವಾಗ ಕ್ವಿನ್ಸಿ ಕೈ ಚಾಚಿದ.
‘ನನ್ನ ಗೋಲಿ?’
‘ಕೆಲಸದಲ್ಲಿದೆ,’ ಅಂದೆ,
ಬಾಗಿಲು ಹಾಕಿದೆ.